ಅನುಭವ ಅಚ್ಚಿಗಿಳಿಯುವ ಬಗೆ

ಜರೀನಾ ಹಾಶ್ಮಿಯವರ ‘ಡಿವೈಡಿಂಗ್ ಲೈನ್’ (2001) ಎಂಬ ಮರದಚ್ಚಿನ ಚಿತ್ರದಲ್ಲಿ ಇರುವುದು ಒಂದು ಗೆರೆ, ಅಷ್ಟೇ. ಕಾಗದದ ಮೇಲೆ ಅಂಕುಡೊಂಕಾಗಿ ಹರಿದ ಕಪ್ಪು ಗೆರೆ. ಊರಿನ ಹೆಸರಿಲ್ಲ, ನದಿಯಿಲ್ಲ, ಮನುಷ್ಯರ ಸುಳಿವಿಲ್ಲ. ಉಪಖಂಡದ ನಕ್ಷೆ ನೋಡಿದವರಿಗೆ ಅದು 1947ರಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಬಿದ್ದ ಗಡಿ ಎಂದು ಗೊತ್ತಾಗುತ್ತದೆ. ಮರದಚ್ಚಿನ ಕೆಲಸ ಬಲ್ಲವರಿಗೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಹಲಗೆಯಲ್ಲಿ ಉಬ್ಬಿ ನಿಂತ ಭಾಗಕ್ಕೆ ಮಾತ್ರ ಮಸಿ ಹತ್ತುತ್ತದೆ. ಒಂದು ಕಪ್ಪು ಗೆರೆ ಬೇಕೆಂದರೆ ಅದರ ಎರಡೂ ಮಗ್ಗುಲಿನ ಮರವನ್ನು ಉಳಿಯಿಂದ ಕೆತ್ತಿ ತೆಗೆಯಬೇಕು. ಗಡಿ ಉಳಿಯಲು ಅದರ ಆಚೆಈಚೆಯ ನೆಲವೆಲ್ಲ ಹೋಗಬೇಕು. ದೇಶವಿಭಜನೆಯ ಬಗ್ಗೆ ಎಷ್ಟೋ ಪುಟಗಳಲ್ಲಿ ಹೇಳಬಹುದಾದದ್ದನ್ನು ಆ ಕೆತ್ತನೆಯ ಕ್ರಮವೇ ಹೇಳಿಬಿಟ್ಟಿದೆ.

‘ವೈಯಕ್ತಿಕ ಅನುಭವದಿಂದ ಪ್ರೇರಿತ’ ಎಂಬ ಮಾತು ಇವತ್ತಿನ ಕಲಾಪ್ರದರ್ಶನಗಳ ಗೋಡೆಬರಹದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ದುಃಖ ಎಲ್ಲರಿಗೂ ಬರುತ್ತದೆ. ಅದು ಚಿತ್ರವಾಗುವುದು ಕೆಲವರ ಕೈಯಲ್ಲಿ ಮಾತ್ರ. ಮುದ್ರಣಕಲೆ ಮತ್ತು ಛಾಯಾಚಿತ್ರದ ಮಟ್ಟಿಗಂತೂ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ವರ್ಣಚಿತ್ರಕಾರನ ಕುಂಚ ನೇರವಾಗಿ ಕ್ಯಾನ್ವಾಸನ್ನು ಮುಟ್ಟುತ್ತದೆ. ಇಲ್ಲಿ ಕಲಾವಿದನಿಗೂ ಚಿತ್ರಕ್ಕೂ ನಡುವೆ ತಾಮ್ರದ ತಗಡೋ, ಮರದ ಹಲಗೆಯೋ, ಲಿಥೋ ಕಲ್ಲೋ, ನೆಗೆಟಿವೋ ಬಂದು ಕೂರುತ್ತದೆ. ಪ್ರೆಸ್ಸಿನಿಂದ ಹೊರಬರುವಾಗ ಎಡ ಬಲವಾಗುತ್ತದೆ. ನೆಗೆಟಿವಿನಲ್ಲಿ ಬೆಳಕು ಕತ್ತಲೆಯಾಗುತ್ತದೆ. ಎದೆಯಲ್ಲಿ ಏನೇ ಕುದಿಯುತ್ತಿರಲಿ, ತಗಡನ್ನು ಆಸಿಡ್ಡಿನಿಂದ ಯಾವಾಗ ಎತ್ತಬೇಕೆಂದು ಗಡಿಯಾರ ನೋಡಲೇಬೇಕು. ಇಂಥ ಅಡ್ಡಿಗಳನ್ನು ದಾಟುವಾಗ ಹಸಿ ಅನುಭವದ ಬಹುಪಾಲು ಸೋರಿಹೋಗುತ್ತದೆ. ಉಳಿಯುವುದು ಯಾವುದು, ಉಳಿಸಿಕೊಂಡವರು ಹೇಗೆ ಉಳಿಸಿಕೊಂಡರು ಎಂಬುದನ್ನು ಕೆಲವು ಕಲಾವಿದರ ಕೆಲಸದ ಮೂಲಕ ನೋಡಬಹುದು.

ಈ ಮಾತು ಬಂದಾಗ ನಾರ್ವೆಯ ಎಡ್ವರ್ಡ್ ಮುಂಕ್‌ನನ್ನು ಬಿಡಲಾಗದು. ಐದು ವರ್ಷದವನಿದ್ದಾಗ ತಾಯಿಯನ್ನು ಕ್ಷಯ ಒಯ್ದಿತು. 1877ರಲ್ಲಿ ಅಕ್ಕ ಸೋಫಿಯನ್ನೂ ಒಯ್ದಿತು. ಅವಳಿಗಾಗ 15 ವರ್ಷ. ‘ದಿ ಸಿಕ್ ಚೈಲ್ಡ್’ ಚಿತ್ರವನ್ನು ಅವನು ಮೊದಲು ಬರೆದದ್ದು 1885–86ರಲ್ಲಿ. ಮುಂದಿನ ನಾಲ್ಕು ದಶಕಗಳಲ್ಲಿ ಅದೇ ಚಿತ್ರವನ್ನು ಬಣ್ಣದಲ್ಲೇ ಒಟ್ಟು ಆರು ಸಲ ಮಾಡಿದ. 1894ರಲ್ಲಿ ಡ್ರೈಪಾಯಿಂಟಿಗೆ, ಅಂದರೆ ತಗಡನ್ನು ಮೊನೆಯಿಂದ ನೇರ ಗೀರುವ ಅಚ್ಚಿಗೆ ಇಳಿಸಿದ, 1896ರಲ್ಲಿ ಪ್ಯಾರಿಸ್ಸಿನಲ್ಲಿ ಆಗುಸ್ತ್ ಕ್ಲೋ ಎಂಬ ಮುದ್ರಕನ ಬಳಿ ಲಿಥೋ ಮಾಡಿಸಿದ. ಆ ಲಿಥೋ ನನಗೆ ವರ್ಣಚಿತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವರ್ಣಚಿತ್ರದಲ್ಲಿ ಹಾಸಿಗೆಯ ಪಕ್ಕ ತಲೆ ತಗ್ಗಿಸಿ ಕುಳಿತ ಹೆಂಗಸಿದ್ದಾಳೆ, ಕೋಣೆಯಿದೆ. ಲಿಥೋದಲ್ಲಿ ಅದೆಲ್ಲ ಹೋಗಿ ದಿಂಬಿಗೊರಗಿದ ಹುಡುಗಿಯ ತಲೆಯೊಂದೇ ಉಳಿದಿದೆ. ಬಣ್ಣಕ್ಕೊಂದು ಕಲ್ಲು ಬೇಕಾದ್ದರಿಂದ ಯಾವ ಬಣ್ಣದ ಮೇಲೆ ಯಾವುದು ಬರಬೇಕೆಂದು ಪ್ರತಿ ಸಲವೂ ಬದಲಿಸಬಹುದಿತ್ತು. ಹಾಗಾಗಿ ಒಂದು ಪ್ರತಿಯಲ್ಲಿ ಅವಳು ಜ್ವರದ ಕೆಂಪಿನಲ್ಲಿದ್ದಾಳೆ, ಇನ್ನೊಂದರಲ್ಲಿ ಬಿಳಿಚಿಕೊಂಡಿದ್ದಾಳೆ. ನೆನಪು ಒಂದೇ, ಅದು ಬರುವ ಹೊತ್ತು ಬೇರೆ ಬೇರೆ. ಒಂದೇ ಕ್ಯಾನ್ವಾಸಿಗೆ ಹೇಳಲಾಗದ ಈ ಮಾತನ್ನು ಅಚ್ಚಿನ ಪ್ರತಿಗಳು ಹೇಳಿದವು.

ಅದೇ ಮುಂಕ್ 1902ರಲ್ಲಿ ಬರ್ಲಿನ್ನಿನಲ್ಲಿ ಒಂದು ಕೊಡ್ಯಾಕ್ ಕ್ಯಾಮೆರಾ ಕೊಂಡ. 1908–09ರಲ್ಲಿ ಮನಸ್ಸು ಕೆಟ್ಟು ಕೋಪನ್‌ಹೇಗನ್ನಿನ ಚಿಕಿತ್ಸಾಲಯದಲ್ಲಿದ್ದಾಗ ತನ್ನದೇ ಫೋಟೊಗಳನ್ನು ತೆಗೆದುಕೊಂಡ. ಅಲುಗಿ ಮಸುಕಾದ, ಒಂದರ ಮೇಲೊಂದು ಬಿದ್ದ, ಗೋಡೆ ಮೈಯೊಳಗಿಂದ ಹಾದು ಕಾಣುವ ಚಿತ್ರಗಳು. ಸ್ಟುಡಿಯೋ ಛಾಯಾಗ್ರಾಹಕ ಎಸೆದುಬಿಡುತ್ತಿದ್ದ ತಪ್ಪುಗಳನ್ನು ಅವನು ಇಟ್ಟುಕೊಂಡ. ತನ್ನ ಇರವಿನ ಬಗ್ಗೆಯೇ ಖಾತರಿಯಿಲ್ಲದ ಮನುಷ್ಯನಿಗೆ ಆ ತಪ್ಪುಗಳೇ ನಿಜಕ್ಕೆ ಹತ್ತಿರವಿದ್ದವು.

ಜರ್ಮನಿಯ ಕ್ಯಾಥೆ ಕೋಲ್ವಿಟ್ಜ್‌ರದು ಮಾಧ್ಯಮ ಹುಡುಕಿದ ಕಥೆ. ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತ. ಆಸಿಡ್ಡಿನಿಂದ ತಗಡು ಕೊರೆಯುವ ಎಚಿಂಗಿನಲ್ಲಿ ಆಗಲೇ ಹೆಸರು ಮಾಡಿದ್ದ ತಾಯಿ ಆ ಸಾವನ್ನು ಎಚಿಂಗಿನಲ್ಲಿ ಮಾಡಲು ನೋಡಿದರು, ಲಿಥೋದಲ್ಲೂ ನೋಡಿದರು, ಯಾವುದೂ ಸರಿಬರಲಿಲ್ಲ. 1920ರಲ್ಲಿ ಅರ್ನ್‌ಸ್ಟ್ ಬಾರ್ಲಾಖ್‌ನ ಮರದಚ್ಚುಗಳನ್ನು ಕಂಡ ಮೇಲೆ ಉಳಿ ಹಿಡಿದರು. ‘ಯುದ್ಧ’ ಮಾಲಿಕೆಯ ಏಳು ಚಿತ್ರಗಳು ಹುಟ್ಟಿದ್ದು ಹಾಗೆ. ಅದರಲ್ಲಿನ ‘ತಂದೆತಾಯಿ’ ಚಿತ್ರದಲ್ಲಿ ಮೊಣಕಾಲೂರಿ ಒಬ್ಬರ ಮೇಲೊಬ್ಬರು ಕುಸಿದ ಗಂಡಹೆಂಡಿರ ಮುಖ ಸರಿಯಾಗಿ ಕಾಣುವುದೂ ಇಲ್ಲ. ಎಚಿಂಗಿನ ನವಿರು ಗೆರೆಗೆ ಈ ಭಾರ ತಡೆಯುತ್ತಿರಲಿಲ್ಲ ಎಂದು ಆ ಕಪ್ಪು ಗುಡ್ಡೆಯನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಮಾಲಿಕೆ ಮುಗಿಯುವಾಗ ಮಗ ಸತ್ತು ಎಂಟು ವರ್ಷಗಳಾಗಿದ್ದವು.

ಈ ತಡವನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ನಮ್ಮ ದೇಶದಲ್ಲಿ ಅದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು 1943ರ ಬಂಗಾಳದ ಬರ. ಒಂದೇ ಹಸಿವನ್ನು ಮೂವರು ಮೂರು ದಾರಿಯಲ್ಲಿ ಕಂಡರು, ಮೂವರೂ ಕಮ್ಯುನಿಸ್ಟ್ ಪಕ್ಷದ ಒಡನಾಟದವರು. ಚಿತ್ತಪ್ರಸಾದ್ ಭಟ್ಟಾಚಾರ್ಯ ಮೇದಿನಿಪುರದ ಹಳ್ಳಿಗಳಲ್ಲಿ ನಡೆದು, ಕಂಡವರನ್ನು ಮಸಿಯಲ್ಲಿ ಬರೆದರು. ಆ ಚಿತ್ರಗಳಿದ್ದ ‘ಹಂಗ್ರಿ ಬೆಂಗಾಲ್’ ಎಂಬ ಕಿರುಪುಸ್ತಕದ 5000 ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶಮಾಡಿತು. ಸುನಿಲ್ ಜಾನಾ ಕ್ಯಾಮೆರಾ ಹಿಡಿದು ಹೋದರು. ಪಕ್ಷದ ಪತ್ರಿಕೆಯಲ್ಲಿ ಬಂದ ಅವರ ಫೋಟೊಗಳ ಮೂಲಕವೇ ಬಂಗಾಳದ ಹೊರಗಿನ ಬಹಳ ಜನ ಆ ಬರವನ್ನು ಕಣ್ಣಾರೆ ಕಂಡದ್ದು. ಇವೆರಡೂ ಆ ಹೊತ್ತಿನ ಕೆಲಸ. ಜನ ಸಾಯುತ್ತಿದ್ದಾರೆ, ನೋಡಿ ಎಂದು ಕೂಗುವ ಕೆಲಸ. ಅಲ್ಲಿ ಕಲೆಯ ಸೂಕ್ಷ್ಮ ಹುಡುಕುತ್ತ ಕೂರುವುದು ತರವಲ್ಲ.

ಮೂರನೆಯವರು ಸೋಮನಾಥ ಹೋರ್. 1921ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದ ಅವರೂ ಬರದ ದಿನಗಳಲ್ಲಿ ಚಿತ್ತಪ್ರಸಾದರ ಜೊತೆ ಸೇರಿ ಚಿತ್ರ ಬರೆದರು. 1946ರಲ್ಲಿ ತೇಭಾಗಾ ರೈತ ಹೋರಾಟದ ನಡುವೆ ಹೋಗಿ ದಿನಚರಿ ಬರೆದರು, ಅಲ್ಲಿನ ರೇಖಾಚಿತ್ರಗಳನ್ನು ಮರದಚ್ಚಿಗಿಳಿಸಿದರು. ಒಳ್ಳೆಯ ಕೆಲಸ ಅದು. ಆದರೆ ಹೋರ್ ತಮ್ಮದೇ ಆದದ್ದನ್ನು ಕಂಡುಕೊಂಡದ್ದು ಸುಮಾರು 1971ರಲ್ಲಿ, ಶಾಂತಿನಿಕೇತನದ ಕಲಾಭವನದಲ್ಲಿ ಪಾಠ ಹೇಳುತ್ತಿದ್ದಾಗ. ‘ವೂಂಡ್ಸ್’ ಎಂಬ ಆ ಮಾಲಿಕೆಯಲ್ಲಿ ಮನುಷ್ಯರು ಇಲ್ಲ. ಎಲುಬು ಕಾಣುವ ಮಕ್ಕಳಿಲ್ಲ, ಗಂಜಿಯ ಬಟ್ಟಲಿಲ್ಲ.

ಅವರು ಮಾಡಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೇಡಿಮಣ್ಣನ್ನೋ ಮೇಣವನ್ನೋ ಹಾಳೆಯಂತೆ ಹರಡಿ, ಅದನ್ನು ಚಾಕುವಿನಿಂದ ಸೀಳುವುದು, ಕಾದ ಸಲಾಕೆಯಿಂದ ಚುಚ್ಚುವುದು. ಮೇಲೆ ಸಿಮೆಂಟು ಸುರಿದು ಅಚ್ಚು ತೆಗೆಯುವುದು. ಆ ಅಚ್ಚಿನೊಳಕ್ಕೆ ಒದ್ದೆ ಕಾಗದದ ತಿರುಳನ್ನು ಒತ್ತಿ ಒಣಗಲು ಬಿಡುವುದು. ಬಿಡಿಸಿದಾಗ ಕೈಗೆ ಬರುವುದು ದಪ್ಪನೆಯ ಬಿಳಿ ಹಾಳೆ. ಅದರ ಮೈಮೇಲೆ ಬಿರುಕು, ಬಾಯ್ಬಿಟ್ಟ ಸೀಳು, ಉಬ್ಬಿದ ಕಲೆ. ಮಸಿಯಿಲ್ಲ. ಕೆಲವೆಡೆ ಸೀಳಿನ ಬುಡದಲ್ಲಿ ನಸುಗೆಂಪು. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಪೂರ್ತಿ ಕಾಣುವ ಚಿತ್ರ ಇದು. ಕಾಗದದ ಮೇಲೆ ಗಾಯದ ಚಿತ್ರ ಬರೆದಿಲ್ಲ, ಕಾಗದಕ್ಕೇ ಗಾಯವಾಗಿದೆ. ಬರ, 1946ರ ಕೋಮುಗಲಭೆ, ಬಾಂಗ್ಲಾ ಯುದ್ಧ, ಕಲ್ಕತ್ತೆಯ ಬೀದಿಗಳ ರಕ್ತಪಾತ ಎಲ್ಲವೂ ಅಲ್ಲಿಗೆ ಬಂದು ಸೇರಿದವು. ಹೀಗಾಗಲು 28 ವರ್ಷ ಬೇಕಾಯಿತು. 1943ರಲ್ಲಿಯೇ ಅವರು ಇದನ್ನು ಮಾಡಬಹುದಿತ್ತು ಎಂದು ನನಗನ್ನಿಸುವುದಿಲ್ಲ. ಆಗ ಕಣ್ಣೆದುರು ಮುಖಗಳಿದ್ದವು, ಅವನ್ನು ಬರೆಯಲೇಬೇಕಿತ್ತು.

ಜರೀನಾ ಅವರ ಬದುಕನ್ನೂ ಇಷ್ಟೇ ಹತ್ತಿರದಿಂದ ನೋಡಬೇಕು. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದರು. ತಂದೆ ಅಲ್ಲಿನ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. ಮಗಳು ಓದಿದ್ದು ಗಣಿತ, 1958ರಲ್ಲಿ ಪದವಿ. ರಾಯಭಾರ ಸೇವೆಯಲ್ಲಿದ್ದವರನ್ನು ಮದುವೆಯಾಗಿ ಬ್ಯಾಂಕಾಕ್, ಪ್ಯಾರಿಸ್, ಬಾನ್ ಎಂದು ಊರೂರು ಸುತ್ತಿದರು. ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಯಾದರು. ಮರದಚ್ಚಿನ ಮೊದಲ ಪಾಠ ಬ್ಯಾಂಕಾಕಿನಲ್ಲಿ. ಪ್ಯಾರಿಸ್ಸಿನಲ್ಲಿ ಮುದ್ರಣಕಲಾವಿದ ಹೇಟರ್‌ನ ‘ಅಟೆಲಿಯೆ 17’ರಲ್ಲಿ ತಗಡಿನ ತಗ್ಗುಗೆರೆಗಳಲ್ಲಿ ಮಸಿ ತುಂಬಿ ಅಚ್ಚು ತೆಗೆಯುವ ಇಂಟಾಗ್ಲಿಯೊ ಕಲಿತರು. ಆಂಧ್ರದ ಕೃಷ್ಣಾ ರೆಡ್ಡಿ ಒಂದೇ ತಗಡಿನಿಂದ ಹಲವು ಬಣ್ಣ ತೆಗೆಯುವ ವಿದ್ಯೆಯನ್ನು ಬೆಳೆಸಿದ ಸ್ಟುಡಿಯೊ ಅದು. 1974ರಲ್ಲಿ ಟೋಕಿಯೊಗೆ ಹೋಗಿ ತೋಷಿ ಯೊಶಿದಾ ಅವರಲ್ಲಿ ಜಪಾನಿ ಪದ್ಧತಿಯ ಮರದಚ್ಚು ಕಲಿತರು. ಇತ್ತ 1959ರಲ್ಲಿ ತಂದೆತಾಯಿ ಕರಾಚಿಗೆ ಹೊರಟುಹೋಗಿದ್ದರು. ಅಲಿಗಢದ ಮನೆಗೆ ವಾಪಸಾಗುವ ದಾರಿ ಮುಚ್ಚಿತ್ತು.

ಇಂಥ ಬದುಕಿನಿಂದ ಕಣ್ಣೀರು ಜಿನುಗುವ ಚಿತ್ರಗಳು ಬರಬಹುದಿತ್ತು. ಬಂದದ್ದು ಮನೆಯ ಪ್ಲಾನುಗಳು. ‘ಫಾದರ್ಸ್ ಹೌಸ್’ ಎಂಬುದು ಎಂಜಿನಿಯರ್ ಬರೆದ ಹಾಗೆ ಗೋಡೆ, ಕೋಣೆಗಳ ನೆಲನಕ್ಷೆ. ಕೋಣೆಯೊಳಗೆ ಉರ್ದು ಅಕ್ಷರ. ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ (1999) 36 ಮರದಚ್ಚುಗಳ ಕಟ್ಟು. ಮನೆ, ಹೊಸ್ತಿಲು, ಅಂಗಳ, ಗೋಡೆ ಎಂದು ಒಂದೊಂದಕ್ಕೆ ಒಂದೊಂದು ಆಕೃತಿ, ಕೆಳಗೆ ಉರ್ದು ಲಿಪಿಕಾರ ಬರೆದ ಪದ. ಎರಡು ಗೆರೆ ಸೇರಿದರೆ ಒಂದು ಮೂಲೆ, ನಾಲ್ಕು ಸೇರಿದರೆ ಒಂದು ಮನೆ. ಗಣಿತ ಓದಿದವರ ಕೈಯ ಹಿಡಿತ ಇದು ಎಂದು ಸುಲಭವಾಗಿ ಹೇಳಬಹುದು. ಅವರು ದೆಹಲಿಯಲ್ಲಿ ಗ್ಲೈಡರ್ ಹಾರಿಸಲೂ ಕಲಿತಿದ್ದರು. ನೆಲವನ್ನು ಮೇಲಿನಿಂದ ಕಂಡ ಕಣ್ಣು ಆ ನಕ್ಷೆಗಳ ಹಿಂದಿದೆ. ಆದರೆ ನನಗೆ ಅಲ್ಲಿ ಕಾಣುವ ಮುಖ್ಯ ಸಂಗತಿ ಬೇರೆ. ಯಾರಾದರೂ ತಮ್ಮ ಕಳೆದುಹೋದ ಮನೆಯನ್ನು ಆ ಖಾಲಿ ನಕ್ಷೆಯಲ್ಲಿ ಹಾಕಿ ನೋಡಬಹುದು. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಿದ ಮನೆತನದವರಿಗೆ ಆ ಚಿತ್ರ ಬೇರೆ ದೇಶದ್ದೆನಿಸಲಾರದು. ಅಲಿಗಢದ ಮನೆಯ ಕಮಾನು, ಕಿಟಕಿ, ಮಲ್ಲಿಗೆಬಳ್ಳಿಯನ್ನೆಲ್ಲ ಬರೆದಿದ್ದರೆ ಅದು ಅವರ ಮನೆಯಾಗಿಯೇ ಉಳಿಯುತ್ತಿತ್ತು.

‘ಲೆಟರ್ಸ್ ಫ್ರಮ್ ಹೋಮ್’ (2004) ಈ ದಾರಿಯಲ್ಲಿ ಅವರು ಮುಟ್ಟಿದ ಎತ್ತರ ಎನ್ನಬೇಕು. ಪಾಕಿಸ್ತಾನದಲ್ಲಿದ್ದ ಅಕ್ಕ ರಾಣಿ, ತಂದೆತಾಯಿಯ ಸಾವು, ಮನೆ ಮಾರಿದ್ದು, ಮಕ್ಕಳು ದೂರವಾದದ್ದು ಎಲ್ಲವನ್ನೂ ತಂಗಿಗೆ ಉರ್ದುವಿನಲ್ಲಿ ಬರೆದಿಟ್ಟಿದ್ದರು. ಅಂಚೆಗೆ ಹಾಕಿರಲಿಲ್ಲ. ಎಷ್ಟೋ ಕಾಲದ ಮೇಲೆ ಭೇಟಿಯಾದಾಗ ಆ ಕಾಗದಗಳನ್ನು ತಂಗಿಯ ಕೈಗೆ ಕೊಟ್ಟರು. ಜರೀನಾ ಆ ಕೈಬರಹವನ್ನು ಲೋಹದ ತಗಡಿಗೆ ಇಳಿಸಿ ಅಚ್ಚು ಮಾಡಿದರು. ಅದರ ಮೇಲೆ ಮರದಚ್ಚಿನಿಂದ ಮನೆಗಳ, ಊರುಗಳ ನಕ್ಷೆಯನ್ನು ಕಪ್ಪಾಗಿ ಮುದ್ರಿಸಿದರು. ಒಟ್ಟು ಎಂಟು ಚಿತ್ರಗಳು. ಪತ್ರ ಕಾಣುತ್ತದೆ, ಅದರ ಮೇಲೆ ಬಿದ್ದ ನಕ್ಷೆ ಅದನ್ನು ಅಷ್ಟಿಷ್ಟು ಮುಚ್ಚುತ್ತದೆ. ಉರ್ದು ಬಾರದವರಿಗೆ ಸಾಲುಗಳ ಏರಿಳಿತವಷ್ಟೇ ಸಿಗುತ್ತದೆ. ಬಾರದಿದ್ದರೂ ಅದು ಪತ್ರ, ಯಾರೋ ಯಾರಿಗೋ ಕುಳಿತು ಬರೆದದ್ದು ಎಂಬುದು ತಿಳಿಯುತ್ತದೆ. ಅಕ್ಕನ ದುಃಖವನ್ನು ಪ್ರದರ್ಶನಕ್ಕಿಟ್ಟೂ ಅದರ ಮಾನ ಕಾಯ್ದ ಕೆಲಸ ಇದು. 2020ರ ಏಪ್ರಿಲಿನಲ್ಲಿ ಜರೀನಾ ಲಂಡನ್ನಿನಲ್ಲಿ ತೀರಿಕೊಂಡರು.

ಇಲ್ಲಿಯವರೆಗೆ ಬಂದ ಉದಾಹರಣೆಗಳೆಲ್ಲ ಸಾವುನೋವಿನವು. ಅನುಭವ ಎಂದರೆ ಗಾಯ ಎಂದೇ ತಿಳಿಯುವ ರೂಢಿ ಕಲಾವಿಮರ್ಶೆಯಲ್ಲಿ ಬಲವಾಗಿದೆ. ಅದು ನನಗೆ ಒಪ್ಪಿಗೆಯಿಲ್ಲ. ಕೃಷ್ಣಾ ರೆಡ್ಡಿಯವರ ‘ಗ್ರೇಟ್ ಕ್ಲೌನ್’ ಮಾಲಿಕೆ ಹುಟ್ಟಿದ್ದು ಮಗಳೊಡನೆ ಸರ್ಕಸ್ಸು ನೋಡಿದ್ದರಿಂದ. ಇನ್ನು, ಮುದ್ರಣಕಲೆ ಮತ್ತು ಛಾಯಾಗ್ರಹಣ ಎರಡನ್ನೂ ಸರಿಸಮವಾಗಿ ನಡೆಸಿದ ನಮ್ಮ ದೊಡ್ಡ ಕಲಾವಿದ ಜ್ಯೋತಿ ಭಟ್ ಅವರಲ್ಲಿ ಅನುಭವದ ಹೆಸರು ಅಕ್ಕರೆ.

ಭಟ್ ಹುಟ್ಟಿದ್ದು 1934ರಲ್ಲಿ, ಗುಜರಾತಿನ ಭಾವನಗರದಲ್ಲಿ. ಬರೋಡಾದಲ್ಲಿ ಚಿತ್ರಕಾರರಾದ ಬೇಂದ್ರೆ ಮತ್ತು ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯ. 1960ರ ದಶಕದಲ್ಲಿ ನೇಪಲ್ಸ್, ನಂತರ ನ್ಯೂಯಾರ್ಕಿನ ಪ್ರಾಟ್ ಸಂಸ್ಥೆ. ಇಂಟಾಗ್ಲಿಯೊ ಗಟ್ಟಿಯಾಗಿ ಕೈಗೆ ಹತ್ತಿದ್ದು ಅಲ್ಲಿ. ಊರಿಗೆ ಮರಳಿದ ಮೇಲೆ 1967ರಲ್ಲಿ ಒಂದು ವಿಚಾರಸಂಕಿರಣಕ್ಕಾಗಿ ಗುಜರಾತಿನ ಜನಪದ ಕಲೆಯ ಫೋಟೊ ತೆಗೆಯುವ ಕೆಲಸ ಬಂತು. ಆ ಸಂಕಿರಣ ಮುಗಿಯಿತು, ಕೆಲಸ ಮುಗಿಯಲಿಲ್ಲ. ಮುಂದೆ ದಶಕಗಳ ಕಾಲ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಬಂಗಾಳದ ಹಳ್ಳಿಗಳಲ್ಲಿ ಗೋಡೆಚಿತ್ರ, ರಂಗೋಲಿ, ಹಚ್ಚೆಗಳನ್ನು ಹುಡುಕಿಕೊಂಡು ಹೋದರು. ಶಿಲ್ಪಿ ಗೆಳೆಯ ರಾಘವ ಕನೇರಿಯಾ ಹಲವು ಪಯಣಗಳಲ್ಲಿ ಜೊತೆಗಾರ.

ಅವರ ಫೋಟೊಗಳಲ್ಲಿ ಗೋಡೆ ಒಂಟಿಯಾಗಿರುವುದಿಲ್ಲ. ಚಿತ್ತಾರದ ನವಿಲಿನ ಪಕ್ಕದಲ್ಲಿ ಮಗು ಎತ್ತಿಕೊಂಡ ತಾಯಿ ನಿಂತಿರುತ್ತಾಳೆ, ಬಾಗಿಲಲ್ಲಿ ಅಜ್ಜಿ, ಅಂಗಳದಲ್ಲಿ ಎಮ್ಮೆ. ಚೌಕಟ್ಟಿನೊಳಗೆ ಚಿತ್ರ, ಚಿತ್ರ ಬರೆದ ಕೈ, ಚಿತ್ರದ ಜೊತೆ ಬಾಳುವ ಮನೆ ಮೂರೂ ಇರುತ್ತವೆ. ದಾಖಲೆಯ ಫೋಟೊ ತೆಗೆಯುವವರು ಸಾಮಾನ್ಯವಾಗಿ ಜನರನ್ನು ಪಕ್ಕಕ್ಕೆ ಸರಿಯಲು ಹೇಳುತ್ತಾರೆ. ಭಟ್ ಅವರಿಗೆ ಅವರಿಲ್ಲದೆ ಆ ಗೋಡೆಗೆ ಅರ್ಥವಿಲ್ಲ. ಹಬ್ಬಕ್ಕೆ ಬರೆದದ್ದು ಮುಂದಿನ ಮಳೆಗೆ, ಮುಂದಿನ ಸುಣ್ಣಕ್ಕೆ ಅಳಿಯುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಇದೇ ಗಿಳಿ, ನವಿಲು, ದೇವಿ, ಗುಜರಾತಿ ಅಕ್ಷರ ಅವರ ಎಚಿಂಗುಗಳಲ್ಲಿ ಒತ್ತೊತ್ತಾಗಿ ಬಂದವು. ಅವುಗಳ ನಡುವೆ ತಮ್ಮದೇ ಮುಖವನ್ನೂ ಇಟ್ಟರು. ಫೋಟೊದಲ್ಲಿ ತಾವು ಹಿಂದೆ ಸರಿದು ಹಳ್ಳಿಯ ಹೆಂಗಸರನ್ನು ಮುಂದೆ ನಿಲ್ಲಿಸಿದ ಮನುಷ್ಯ, ತಗಡಿನ ಮೇಲೆ ತಾನು ಆ ಲೋಕದವನು ಎಂದು ಬರೆದುಕೊಂಡ ಹಾಗಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಜ್ಯೋತಿ ಭಟ್ ಅರ್ಧವೇ ಸಿಗುತ್ತಾರೆ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರ ಫೋಟೊಗಳದ್ದೂ ಒಂದಿತ್ತು.

ನಮ್ಮ ಕೃಷ್ಣಾನಂದ ಕಾಮತರನ್ನು ಇಲ್ಲಿ ನೆನೆಯಲೇಬೇಕು. ಹೊನ್ನಾವರದವರು, ಕೀಟವಿಜ್ಞಾನಿ, ‘ನಾನೂ ಅಮೆರಿಕೆಗೆ ಹೋಗಿದ್ದೆ’ ಬರೆದವರು. ಕರಾವಳಿಯ ದೇವಸ್ಥಾನಗಳ ಕಾವಿ ಚಿತ್ರಗಳನ್ನು ಹುಡುಕಿ ಹುಡುಕಿ ಫೋಟೊ ತೆಗೆದರು, ಬರೆದರು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವ ಆ ವಿದ್ಯೆ ಎಚಿಂಗಿನ ನೆಂಟ ಎಂದರೂ ಸರಿಯೆ. ಜೀರ್ಣೋದ್ಧಾರದ ಹೆಸರಿನಲ್ಲಿ ಅಂಥ ಎಷ್ಟೋ ಗೋಡೆಗಳು ಉರುಳಿವೆ. ಹುಟ್ಟಿ ಬೆಳೆದ ನೆಲದ ಮೇಲಿನ ಪ್ರೀತಿ ಕ್ಯಾಮೆರಾ ಹಿಡಿದದ್ದಕ್ಕೆ ಕಾಮತರಿಗಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ನನಗೆ ಕಾಣುವುದಿಲ್ಲ.

ಬೆಂಗಳೂರಿನ ಪುಷ್ಪಮಾಲಾ ಎನ್. ಸ್ವಂತ ಅನುಭವದ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತಾರೆ. ಶಿಲ್ಪಿಯಾಗಿ ಕಲಿತು ಛಾಯಾಚಿತ್ರಕ್ಕೆ ಬಂದ ಅವರು, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ದಲ್ಲಿ ತಾವೇ ವೇಷ ಹಾಕಿ ನಿಂತಿದ್ದಾರೆ: ಒಮ್ಮೆ ರವಿವರ್ಮನ ಲಕ್ಷ್ಮಿ, ಒಮ್ಮೆ ಬ್ರಿಟಿಷರು ಚೌಕಳಿ ಪರದೆಯ ಮುಂದೆ ಅಳತೆಗೆ ನಿಲ್ಲಿಸಿದ ಬುಡಕಟ್ಟಿನ ಹೆಂಗಸು. ಇದರಲ್ಲಿ ಸ್ವಂತ ಅನುಭವ ಎಲ್ಲಿದೆ ಎಂದು ಕೇಳುವವರಿದ್ದಾರೆ. 1894ರಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ಕ್ಯಾಲೆಂಡರುಗಳಾಗಿ ನಮ್ಮ ದೇವರಮನೆಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಕ್ಕೆ ಬಂದು ನೂರು ವರ್ಷ ದಾಟಿದೆ. ಹೆಣ್ಣು ಹೇಗೆ ನಿಲ್ಲಬೇಕು, ಹೇಗೆ ನೋಡಬೇಕು ಎಂದು ಒಂದು ಹುಡುಗಿ ಮೊದಲು ಕಲಿಯುವುದು ಇಂಥ ಅಚ್ಚಿನ ಚಿತ್ರಗಳಿಂದ. ಆ ಚಿತ್ರದೊಳಗೆ ಹೋಗಿ ನಿಂತು ಅದರ ಭಾರವನ್ನು ಮೈಮೇಲೆ ಹೊತ್ತು ನೋಡುವುದು ಸ್ವಂತ ಅನುಭವವಲ್ಲದೆ ಇನ್ನೇನು?

ಇಷ್ಟನ್ನು ಒಟ್ಟಿಗಿಟ್ಟು ನೋಡಿದ ಮೇಲೆ, ಕಲಾಶಾಲೆಗಳ ಗ್ರಾಫಿಕ್ ವಿಭಾಗದಿಂದ ಈಗ ಹೊರಬರುತ್ತಿರುವವರ ಕೆಲಸದ ಮುಂದೆ ನಿಂತಾಗ ನನಗೆ ಒಂದು ಅಭ್ಯಾಸ ಬೆಳೆದಿದೆ. ಗೋಡೆಬರಹವನ್ನು ಕೊನೆಗೆ ಓದುತ್ತೇನೆ. ಕೆಲವರಲ್ಲಿ ಕಥೆ ದೊಡ್ಡದು, ಆದರೆ ಅದು ಬರಹದಲ್ಲೇ ಉಳಿದಿರುತ್ತದೆ. ಹಳೆಯ ಕುಟುಂಬದ ಫೋಟೊವನ್ನು ತಗಡಿಗೆ ವರ್ಗಾಯಿಸಿ ಅಂಚಿಗೆ ಎರಡು ಗೀರು ಹಾಕಿದ ಮಾತ್ರಕ್ಕೆ ನೆನಪು ಅಚ್ಚಿಗಿಳಿಯುವುದಿಲ್ಲ. ತಗಡನ್ನು ಕೆರೆದದ್ದರಲ್ಲಿ, ಮಸಿ ಒರೆಸಿದ್ದರಲ್ಲಿ, ಬಿಟ್ಟ ಖಾಲಿ ಜಾಗದಲ್ಲಿ ಏನೋ ಸಿಕ್ಕರೆ, ಆಮೇಲೆ ಕಥೆ ಓದಲು ಮನಸ್ಸಾಗುತ್ತದೆ. ಯುವ ಕಲಾವಿದರಿಗೆ ಪ್ರೆಸ್ಸು ಸಿಗುವುದೇ ಕಷ್ಟವಾಗಿರುವಾಗ ಇದು ಕಠಿಣ ಮಾತೆಂದು ಗೊತ್ತು. ಹೋರ್ ಅವರ ಜೇಡಿ, ಸಿಮೆಂಟು, ಕಾಗದದ ತಿರುಳಿಗೆ ಪ್ರೆಸ್ಸು ಬೇಕಿರಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಪ್ರಶ್ನೆ ಉಳಿದಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸ್ವಂತ ಅನುಭವ ಎಂದಾಗಲೆಲ್ಲ ಅದರಲ್ಲಿ ಇನ್ನೊಬ್ಬರು ಇರುತ್ತಾರೆ. ಸೋಫಿಯ ಕೊನೆಯ ದಿನಗಳು ಮುಂಕ್‌ನ ಅನುಭವವೂ ಹೌದು, ಸೋಫಿಯದ್ದೂ ಹೌದು. ಅಚ್ಚು ಮತ್ತು ಫೋಟೊ ಒಂದಕ್ಕೆ ಹತ್ತಾಗುವ ಮಾಧ್ಯಮಗಳಾದ್ದರಿಂದ ಇನ್ನೊಬ್ಬರ ಮುಖ, ಇನ್ನೊಬ್ಬರ ಪತ್ರ ಎಲ್ಲೆಲ್ಲಿಗೋ ಹೋಗುತ್ತದೆ. ರಾಣಿ ತಮ್ಮ ಪತ್ರಗಳನ್ನು ತಾವಾಗಿ ತಂಗಿಗೆ ಕೊಟ್ಟರು. ಎಲ್ಲರಿಗೂ ಆ ಅವಕಾಶ ಇರುವುದಿಲ್ಲ.

ಆ ಅವಕಾಶ ಕೊಟ್ಟವರೂ ಇದ್ದಾರೆ. ಛಾಯಾಗ್ರಾಹಕಿ ದಯಾನಿತಾ ಸಿಂಗ್ 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ದೆಹಲಿಯ ಹಿಜ್ರಾ ಸಮುದಾಯದ ಮೋನಾ ಅಹ್ಮದ್ ಅವರ ಫೋಟೊ ತೆಗೆದರು. ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುತ್ತವೆ, ಅಲ್ಲಿ ತಮ್ಮ ಬಂಧುಗಳಿದ್ದಾರೆ ಎಂದು ತಿಳಿದ ಮೋನಾ ರೋಲನ್ನು ವಾಪಸು ಕೇಳಿದರು. ದಯಾನಿತಾ ಕೊಟ್ಟರು, ಮೋನಾ ಅದನ್ನು ಕಸಕ್ಕೆ ಹಾಕಿದರು. ಆ ದಿನ ಶುರುವಾದ ಗೆಳೆತನ 2017ರಲ್ಲಿ ಮೋನಾ ತೀರಿಕೊಳ್ಳುವವರೆಗೂ ನಡೆಯಿತು. ಅದರಿಂದ ಹುಟ್ಟಿದ ‘ಮೈಸೆಲ್ಫ್ ಮೋನಾ ಅಹ್ಮದ್’ 2001ರಲ್ಲಿ ಪ್ರಕಟವಾಯಿತು. ಅದರ ಫೋಟೊಗಳು ದಯಾನಿತಾ ಅವರವು; ಮಾತು ಮೋನಾ ಅವರದು, ಪ್ರಕಾಶಕರಿಗೆ ಅವರೇ ಕಳಿಸಿದ ಇಮೇಲುಗಳು.